ಹೊಸ್ತಿಲಿದ್ದ ಗಾಡಿ

ಸಿಟ್ಟಿಗೆ ಕಣ್ಣಿಲ್ಲ ಎನ್ನುತ್ತಾರೆ. ಕುಷ್ಟಗಿಯ ಉಮಾಪತಿಯ ಸಿಟ್ಟಿಗೆ ಮಾತ್ರ ಮುಂದುಗಡೆ ದುಂಡನೆಯ ಎರಡು ದೊಡ್ಡ ಕಣ್ಣುಗಳಿದ್ದವು, ಕೆಳಗೆ ನಾಲ್ಕು ಚಕ್ರಗಳಿದ್ದವು, ಒಳಗೆ ಮಲಗಲು ಮಂಚ, ಚಹಾ ಕಾಸಲು ಒಲೆ, ಕಿಟಕಿಗೆ ಹೂವಿನ ಪರದೆ ಎಲ್ಲವೂ ಇದ್ದವು. ಇಲ್ಲದ್ದು ಒಂದೇ. ಮೊದಲನೇ ಗೇರು. ಮೂರನೆಯದೂ ಇರಲಿಲ್ಲವೆನ್ನಿ. ಆದರೆ ಮೊದಲನೆಯದೇ ಇಲ್ಲದ ಮೇಲೆ ಮೂರನೆಯದನ್ನು ಯಾರು ಕೇಳುತ್ತಾರೆ?

ಅದು ಮನೆಗಾಡಿ. ಏಳು ಸಮುದ್ರದಾಚೆಯಿಂದ ಯಾರೋ ಬಿಳಿಯ ದಂಪತಿ ಅದನ್ನು ಓಡಿಸಿಕೊಂಡು ಬಂದು, ವಿರೂಪಾಪುರಗಡ್ಡೆಯ ಬತ್ತದ ಗದ್ದೆಯ ಬದುವಿನಲ್ಲಿ ನಿಲ್ಲಿಸಿ, ಹೊಳೆ ದಾಟಿ ಹಂಪಿ ನೋಡಿ, ನೋಡಿದ್ದು ಸಾಕೆನಿಸಿದ ಮೇಲೆ ಗಾಡಿಯನ್ನು ಮರೆತು ವಿಮಾನ ಹತ್ತಿದ್ದರು. ಹಲವು ಕೈ ದಾಟಿ ಗಂಗಾವತಿಯ ಒಬ್ಬ ಅಕ್ಕಿ ವ್ಯಾಪಾರಿಯ ಹಿತ್ತಲಲ್ಲಿ ಕೋಳಿಗಳಿಗೆ ಅರಮನೆಯಾಗಿದ್ದ ಅದನ್ನು ಉಮಾಪತಿ ತಂದ. ಸಂತೆಯಿಂದ ಸಂತೆಗೆ ಸಿದ್ಧ ಉಡುಪು ಮಾರುವವನು ಅವನು. ಇಂದು ಕೊಪ್ಪಳ, ನಾಳೆ ಯಲಬುರ್ಗಾ. ಮನೆಯನ್ನೂ ಹೆಂಡತಿಯನ್ನೂ ಜೊತೆಗೇ ಒಯ್ಯಬಹುದಲ್ಲ ಎಂಬ ಹಂಚಿಕೆ.

ಗಾಡಿಯ ಹುಟ್ಟುಗುಣವೊಂದಿತ್ತು. ಎಂಜಿನ್ನು ಹಿಂದೆ, ಗೇರಿನ ಡಬ್ಬಿಯೂ ಹಿಂದೆ, ಗೇರು ಬದಲಿಸುವ ಕೋಲು ಮಾತ್ರ ಮುಂದೆ ಚಾಲಕನ ಪಕ್ಕದಲ್ಲಿ. ನಡುವೆ ಇಡೀ ಸಂಸಾರ. ಮುಂದಿನ ಕೋಲು ಹೇಳಿದ್ದನ್ನು ಹಿಂದಿನ ಡಬ್ಬಿಗೆ ಮುಟ್ಟಿಸಲು ನೆಲದ ಹಲಗೆಯ ಕೆಳಗೆ ಒಂದು ಉದ್ದನೆಯ ಸರಳು ಹಾದುಹೋಗಿತ್ತು, ಮಾತು ಬಿಟ್ಟ ಅತ್ತೆ ಸೊಸೆಯರ ನಡುವೆ ಸುದ್ದಿ ಮುಟ್ಟಿಸುವ ನೆರೆಮನೆಯವಳಂತೆ. ಆ ನೆರೆಮನೆಯವಳು ಪಂಚಮಿಯಿಂದ ಈಚೆಗೆ ಅರ್ಧ ಸುದ್ದಿಯನ್ನಷ್ಟೇ ಮುಟ್ಟಿಸುತ್ತಿದ್ದಳು. ಎರಡು, ನಾಲ್ಕು, ಹಿಂದಕ್ಕೆ ಎಂದರೆ ಮುಟ್ಟಿಸುವಳು. ಒಂದು, ಮೂರು ಎಂದರೆ ಗೋಡೆಗೆ ಹೇಳಿದಂತೆ.

ಹಾಗಾಗಿ ಆವತ್ತು ಬೆಳಿಗ್ಗೆ ಉಮಾಪತಿ ಎರಡನೇ ಗೇರಿನಲ್ಲೇ ಗಾಡಿ ಎಬ್ಬಿಸಿ, ಕ್ಲಚ್ಚಿನ ಸುಟ್ಟ ವಾಸನೆಯ ಮೆರವಣಿಗೆಯೊಂದಿಗೆ ಮಂಗಳೂರಿಗೆ ಹೊರಟ. ಕಡಲ ತಡಿಯ ಮಂಗಳೂರಲ್ಲ, ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಅವನ ಹೆಂಡತಿ ಮಲ್ಲೇಶ್ವರಿಯ ತವರು.

ಹೊರಡಲೇಬೇಕಿತ್ತು. ಪಂಚಮಿಗೆ ತವರಿಗೆ ಹೋದ ಮಲ್ಲೇಶ್ವರಿ ಜೋಕಾಲಿ ಜೀಕಿದ್ದಾಯಿತು, ಅಳ್ಳಿಟ್ಟು ತಿಂದದ್ದಾಯಿತು, ಇನ್ನೂ ಬಂದಿರಲಿಲ್ಲ. ನಾಳೆ ಬೆನಕನ ಅಮಾವಾಸ್ಯೆ. ಅಮಾವಾಸ್ಯೆಗೆ ಹೆಣ್ಣುಮಗಳನ್ನು ಕಳಿಸುವುದಿಲ್ಲ. ಅದು ದಾಟಿದರೆ ಗಣಪ್ಪ ಬರುತ್ತಾನೆ, ಗಣಪ್ಪನ ಹಿಂದೆ ಹಿರಿಯರ ಪಕ್ಷ, ಅದರ ಹಿಂದೆ ದಸರೆ. ಇದೆಲ್ಲಕ್ಕಿಂತ ಹೆಚ್ಚಾಗಿ ಮಾವ ಯಮನೂರಪ್ಪನ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು.

ಯಮನೂರಪ್ಪ ಮಂಗಳೂರಿನ ದೊಡ್ಡ ಬಡಗಿ. ಸುತ್ತಲ ಊರುಗಳ ಬಾಗಿಲು ಚೌಕಟ್ಟುಗಳೆಲ್ಲ ಅವನ ಕೈಯಿಂದಲೇ ಎದ್ದು ನಿಂತವು. ಗಂಡು ಮಕ್ಕಳಿರಲಿಲ್ಲ. ದಿಮ್ಮಿ ಕೊಯ್ಯುವ ದೊಡ್ಡ ಕರಗಸದ ಇನ್ನೊಂದು ತುದಿ ಹಿಡಿಯಲು ಅಳಿಯನೇ ಬೇಕೆಂದು ಮದುವೆಯ ದಿನದಿಂದ ಹಠ. "ಮನಿಅಳಿಯ ಆಗಾಂವ ನಾನಲ್ಲ," ಎಂದು ಉಮಾಪತಿಯ ಹಠ. ಹಿಂದಿನ ದಿನ ಫೋನಿನಲ್ಲಿ ಎರಡು ಹಠಗಳೂ ಎದುರುಬದುರಾಗಿದ್ದವು.

"ಅದೇನೋ ನಿಂದೂ ಒಂದು ಮನಿ ಐತಿ, ಓಡ್ಯಾಡತೈತಿ ಅಂತೀಯಲ್ಲ," ಎಂದಿದ್ದ ಯಮನೂರಪ್ಪ. "ನಾಳೆ ಹೊತ್ತು ಮುಣಗೋದರೊಳಗ ಅದು ನನ್ನ ಬಾಗಲಿಗೆ ಬರ್ಲಿ. ಬಂದ್ರ ಮಗಳನ್ನ ಕಳಸ್ತೀನಿ. ಬರಲಿಲ್ಲಂದ್ರ ನೀನ ನನ್ನ ಮನಿಗೆ ಬಂದಬಿಡು, ಕರಗಸ ಹಿಡಿ."

"ಬರತೀನ್ರಿ," ಎಂದ ಉಮಾಪತಿಯ ದನಿ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತ್ತು. "ಬಂದು, ಕರಕೊಂಡು, ಹೊತ್ತು ಮುಣಗೋದರೊಳಗ ನಿಮ್ಮೂರಿನ ಸೀಮಿ ದಾಟಲಿಲ್ಲಂದ್ರ ಕೇಳ್ರಿ. ದಾಟಲಿಲ್ಲಂದ್ರ ನಿಮ್ಮ ಕರಗಸ, ನನ್ನ ಕೈ."

ಮಾತು ಆಡಿದ್ದಾಗಿತ್ತು. ಗೇರು ಬೀಳುತ್ತಿರಲಿಲ್ಲ.

ಬೇವೂರಿನವರೆಗೆ ಹೇಗೋ ಬಂದ. ಬೇವೂರಿನ ನಿಲ್ದಾಣದೆದುರು ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ಒತ್ತಿ ನಿಂತವನಿಗೆ ಈ ಸಲ ಎರಡನೇ ಗೇರೂ ಸಿಗಲಿಲ್ಲ. ಎಮ್ಮೆ ನಿಧಾನವಾಗಿ ತಿರುಗಿ, ಗಾಡಿಯೊಳಗಿನ ಹೂವಿನ ಪರದೆಯನ್ನೂ ಅವನ ಮುಖವನ್ನೂ ನೋಡಿ, ಎರಡೂ ಹಿಡಿಸದೆ ಮುಂದೆ ಹೋಯಿತು.

ಗಾಡಿಯ ಸುತ್ತ ಊರು ನೆರೆಯಲು ಹೊತ್ತು ಬೇಕಾಗಲಿಲ್ಲ. ಮೊದಲು ಬಂದವಳು ಎದುರಿಗೇ ಚಹಾದಂಗಡಿ ಇಟ್ಟಿದ್ದ ಹಜರತಬೀ.

"ಏನ್ ತಮ್ಮಾ, ಮನಿ ಸುದ್ದಾ ಹೊಂಟೀಯೇನು? ಹಿತ್ತಲಾ ಎಲ್ಲಿ ಬಿಟ್ಟ ಬಂದಿ?"

"ಗೇರ್ ಬೀಳವಲ್ತು," ಎಂದ ಉಮಾಪತಿ, ಹಲ್ಲುಗಳ ನಡುವಿನಿಂದ.

"ಬೀಳವಲ್ತಂದ್ರ ಒಳ್ಳೇದ ಅಲ್ಲೇನೋ. ಬಿದ್ರ ಮತ್ತ ಎತ್ತಾವ್ರು ಯಾರು?"

ಮಂದಿ ನಕ್ಕರು. ಉಮಾಪತಿಯ ಕಿವಿಗಳು ಗುಂಟೂರು ಮೆಣಸಿನಕಾಯಿಯಾದವು. ಅಷ್ಟರಲ್ಲಿ ಟ್ರ್ಯಾಕ್ಟರ್ ರಿಪೇರಿಯ ಜಾಕೀರ, ಕೈಯಲ್ಲಿ ಪಾನಾ, ಹೆಗಲಿಗೆ ಹಾರೆ, ಬಾಯಲ್ಲಿ ಅಡಿಕೆ ಸಮೇತ ಬಂದ. ಅವನ ಬೆನ್ನಿಗೇ ಗೋವಿಂದರಾಜ ಬಂದ. ಸೊಸೈಟಿಯಲ್ಲಿ ಗುಮಾಸ್ತ, ಊರಿನಲ್ಲಿ ಎಲ್ಲದಕ್ಕೂ ಸಲಹೆಗಾರ. ಗೊಬ್ಬರದಿಂದ ಗರ್ಭದವರೆಗೆ ಅವನು ಹೇಳದ ವಿಷಯವಿರಲಿಲ್ಲ. ಉಪಕಾರ ಮಾಡದೆ ಅವನಿಗೆ ಮಧ್ಯಾಹ್ನದ ಊಟ ಇಳಿಯುತ್ತಿರಲಿಲ್ಲ.

ಜಾಕೀರ ಗಾಡಿಯ ಹಿಂದೆ ಹೋಗಿ ಡಿಕ್ಕಿ ಎತ್ತಿದ. ನೋಡಿದ. ಮುಂದೆ ಬಂದು ಬಾನೆಟ್ಟು ಹುಡುಕಿದ. ಸಿಗಲಿಲ್ಲ. ಮತ್ತೆ ಹಿಂದೆ ಹೋದ.

"ಎಂಜಿನ್ ಹಿಂದ ಐತ್ರಿ ಇದರದು," ಎಂದ, ಯಾರದೋ ಮನೆಯ ಮರ್ಯಾದೆ ತೆಗೆಯುವವನಂತೆ ದನಿ ತಗ್ಗಿಸಿ.

"ನನಗ ಗೊತ್ತೈತಿ. ಗೇರ್ ನೋಡು."

"ನೋಡೂಣಂತ. ಗೇರಿನ ರೋಗ ಅಂದ್ರ ಎರಡ ಕಡೆ ಇರ್ತಾವ ನೋಡ್ರಿ, ಈ ತುದೀಗೆ, ಇಲ್ಲಾ ಆ ತುದೀಗೆ. ನಡುಬಾರ್ಕ ಯಾವತ್ತೂ ರೋಗ ಇರಂಗಿಲ್ಲ. ಹೊಟ್ಟಿ ಬ್ಯಾನಿಗೆ ಬಾಯಿ ನೋಡ್ತಾರಲ್ಲ, ಹಂಗ."

ಈ ವೈದ್ಯಶಾಸ್ತ್ರ ಹೇಳಿ ಜಾಕೀರ ಹಿಂದಿನ ತುದಿಗೆ ನುಗ್ಗಿದ. ಸರಳು ಡಬ್ಬಿಗೆ ಕೂಡುವಲ್ಲಿ ಒಂದು ರಬ್ಬರಿನ ಬುಷ್ ಇತ್ತು, ಸವೆದು ಹುಣಸೆ ಬೀಜದಷ್ಟಾಗಿತ್ತು. ಗೆದ್ದವನಂತೆ ಅದನ್ನು ಎತ್ತಿ ತೋರಿಸಿ, ಹಜರತಬೀಯ ಹಳೆಯ ಚಪ್ಪಲಿಯ ಅಟ್ಟೆಯಿಂದ ಹೊಸದೊಂದನ್ನು ಕತ್ತರಿಸಿ ಕೂಡಿಸಿದ. ಸರಳಿನ ನಡುಭಾಗದ ಮೇಲೆ ಗಂಗಾವತಿಯ ಗದ್ದೆಯ ಕೆಸರು, ಕೋಳಿಗಳ ಆಸ್ತಿಪಾಸ್ತಿ ಎಲ್ಲ ಕೂಡಿ ಕರೀ ಗಚ್ಚಿನಂತೆ ಹೆಪ್ಪುಗಟ್ಟಿತ್ತು. ಅದನ್ನು ಯಾರೂ ನೋಡಲಿಲ್ಲ. ಅಲ್ಲಿ ರೋಗ ಇರುವುದಿಲ್ಲವಲ್ಲ.

"ಈಗ ಹಾಕ್ರಿ."

ಎರಡನೆಯದು ಬಿತ್ತು. ನಾಲ್ಕನೆಯದು ಬಿತ್ತು. ಒಂದು? ಗೋಡೆ.

"ಚಪ್ಪಲಿ ಎಡಗಾಲಿಂದು, ಅದಕ್ಕ," ಎಂದಳು ಹಜರತಬೀ. "ಬಲಗಾಲಿಂದು ಕೊಡ್ಲೇನು?"

ಇಲ್ಲಿಗೆ ಬಿಟ್ಟಿದ್ದರೆ ಉಮಾಪತಿ ಎರಡನೇ ಗೇರಿನಲ್ಲೇ ಹೇಗೋ ಮಂಗಳೂರು ಮುಟ್ಟುತ್ತಿದ್ದ. ಆದರೆ ಬಿಡುವವರಾರು? ಗೋವಿಂದರಾಜ ಕನ್ನಡಕ ಏರಿಸಿ ಫೋನು ತೆಗೆದ. ಅದರಲ್ಲಿ ಇಂಥದೇ ಗಾಡಿಯ ಪಕ್ಕದಲ್ಲಿ ಕೆಂಪು ಗಡ್ಡದವನೊಬ್ಬ ನಿಂತು ಯಾವುದೋ ಭಾಷೆಯಲ್ಲಿ ಮಾತಾಡುತ್ತಿದ್ದ.

"ನೋಡ್ರಿ, ಅಂವ ಹೇಳಾಕತ್ಯಾನ, ಕೋಲಿನ ಬುಡದ ತಗಡು ಜರುಗೇತಿ ಅಂತ."

"ಆ ಭಾಷಾ ನಿಮಗ ಬರತೈತೇನ್ರಿ?"

"ಭಾಷಾ ಯಾಕ ಬೇಕ್ರಿ, ಕೈ ನೋಡ್ರಿ ಅವಂದು. ಹಿಂಗ ಮಾಡಾಕತ್ಯಾನ."

ಗೋವಿಂದರಾಜನೂ ಹಿಂಗ ಮಾಡಿದ. ಕೋಲಿನ ಬುಡದ ಎರಡು ಬೋಲ್ಟು ಸಡಿಲಿಸಿ, ತಗಡನ್ನು ಬೆರಳಷ್ಟು ಹಿಂದಕ್ಕೆ ಸರಿಸಿ, ಬಿಗಿದ. ಗಡ್ಡದವನು ಫೋನಿನಲ್ಲಿ ನಕ್ಕ. ಉಮಾಪತಿ ಕೋಲು ಎಳೆದ. ಒಂದಿಲ್ಲ. ಎರಡೂ ಇಲ್ಲ. ಮೂರು, ನಾಲ್ಕು, ಯಾವುದೂ ಇಲ್ಲ. ಕೊನೆಗೆ ಕಟಕ್ಕನೆ ಏನೋ ಬಿತ್ತು. ಕ್ಲಚ್ಚು ಬಿಟ್ಟ. ಮನೆಗಾಡಿ ಹಿಂದಕ್ಕೆ ಹೊರಟಿತು.

ಹೊರಟದ್ದು ಸಣ್ಣಗಲ್ಲ. ಹಿಂದಿದ್ದವರೆಲ್ಲ ಹೋಳಿಗೆಯ ಕಣಕದಂತೆ ಎರಡೂ ಪಕ್ಕಕ್ಕೆ ಹರಡಿಕೊಂಡರು. ಗಾಡಿ ಹಜರತಬೀಯ ಬೆಂಚಿಗೆ ಮುತ್ತಿಟ್ಟು, ನೀರಿನ ಕೊಡ ಉರುಳಿಸಿ, ಕುಷ್ಟಗಿಯ ದಾರಿಯಲ್ಲಿ ಕಲ್ಲೆಸೆತದಷ್ಟು ದೂರ ಹಿಂದಕ್ಕೇ ಓಡಿ, ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತಿತು. ಮೊದಲಿನ ಎಮ್ಮೆ ಮರದ ನೆರಳಲ್ಲಿ ಮಲಗಿತ್ತು. ಅದು ಈಗ ಎದ್ದುಹೋಯಿತು. ಆ ದಿನ ಅದು ಎರಡನೇ ಸಲ ಜಾಗ ಬಿಟ್ಟುಕೊಟ್ಟಿತ್ತು.

"ಚಾಲು ಆತಲ್ರಿ," ಎಂದ ಗೋವಿಂದರಾಜ, ಓಡಿಬಂದ ಏದುಸಿರಿನಲ್ಲೇ ಹೆಮ್ಮೆಪಟ್ಟು.

"ಮಾವನ ಊರು ಮಂಗಳೂರು ಆ ಕಡೆ ಐತಿ."

"ಗಾಡಿ ಹೊಳ್ಳಿಸಿ ನಿಂದ್ರಿಸ್ರಿ. ಹಿಂದ ಹಿಂದಕ್ಕ ಹೋದ್ರ ಮಂಗಳೂರ ಬರತೈತಿ."

ಒಂದು ಗಳಿಗೆ ಉಮಾಪತಿ ಅದನ್ನೂ ಯೋಚಿಸಿದ. ಮಾವನ ಬಾಗಿಲಿಗೆ ಬೆನ್ನು ತೋರಿಸುತ್ತ ಬರುವ ಅಳಿಯ. ಊರು ಮೊಮ್ಮಕ್ಕಳ ಕಾಲದವರೆಗೆ ಹೇಳುತ್ತದೆ. ಹೊತ್ತು ನೆತ್ತಿಯಿಂದ ಇಳಿಯತೊಡಗಿತ್ತು. ಸಿಟ್ಟು ಗೇರಿನ ಮೇಲೆ, ಗಡ್ಡದವನ ಮೇಲೆ, ಚಪ್ಪಲಿಯ ಮೇಲೆ, ಏಳು ಸಮುದ್ರದಾಚೆಯಿಂದ ಇದನ್ನು ತಂದ ದಂಪತಿಯ ಮೇಲೆ. ಕೈಗೆ ಸಿಕ್ಕದ್ದನ್ನು ಒಗೆಯಲೆಂದು ಚಾಲಕನ ಸೀಟಿನಿಂದ ಎದ್ದು ಹಿಂದಿನ ಕೋಣೆಯತ್ತ ದಾಪುಗಾಲು ಹಾಕಿದ. ಹಾಕಿದ ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ಬಡಿಯಿತು.

ಹೌದು, ಆ ಗಾಡಿಗೆ ಹೊಸ್ತಿಲಿತ್ತು. ಮಗಳನ್ನು ಪಂಚಮಿಗೆ ಕರೆಯಲು ಬಂದ ದಿನ ಯಮನೂರಪ್ಪ ಕೈಯಾರೆ ಕಡೆದು ತಂದ ಸಾಗವಾನಿಯ ಹೊಸ್ತಿಲು, ಅಳಿಯನಿಗೆ ಉಡುಗೊರೆ. "ಹೊಸ್ತಿಲಾ ಇಲ್ಲದ್ದು ಮನಿ ಹ್ಯಾಂಗಾದೀತು? ಲಕ್ಷ್ಮಿ ಬಂದ್ರ ಎಲ್ಲಿ ನಿಂದ್ರಬೇಕು?" ಎಂದು, ಚಾಲಕನ ಸೀಟಿಗೂ ಹಿಂದಿನ ಕೋಣೆಗೂ ನಡುವೆ ಅದನ್ನು ಅಡ್ಡ ಇಟ್ಟು ತಾನೇ ಬಡಿದುಹೋಗಿದ್ದ. ಬಡಿಯುವ ಮುಂಚೆ ಗಾಡಿಯ ಕೆಳಗೂ ಮಲಗಿ ನೋಡಿದ್ದ. ಏನು ನಾಜೂಕಿನ ಕೆಲಸಗಾರ ಎಂದುಕೊಂಡಿದ್ದ ಉಮಾಪತಿ ಆಗ.

ಈಗ ಹೆಬ್ಬೆರಳಿನ ಉಗುರು ಎದ್ದಿತ್ತು. ಅವನು ಕಿರುಚಲಿಲ್ಲ. ಸಿಟ್ಟು ಕಿರುಚುವ ಮಟ್ಟ ದಾಟಿತ್ತು. ಕುಂಟುತ್ತ ಇಳಿದು, ಜಾಕೀರನ ಹೆಗಲಿನಿಂದ ಹಾರೆ ಕಸಿದು, ಕುಂಟುತ್ತ ಹತ್ತಿ, ಹೊಸ್ತಿಲಿನ ಕೆಳಗೆ ತುದಿ ಸಿಕ್ಕಿಸಿ ಮೀಟಿದ.

ಕೆಳಗೆ ನಿಂತವರ ಮುಖದ ನಗೆ ಆರಿತು. ಹಜರತಬೀ ಸೆರಗು ಬಾಯಿಗೆ ಒತ್ತಿಕೊಂಡಳು. "ಬ್ಯಾಡೋ ಯಪ್ಪಾ. ಅರಿಷಿಣ ಕುಂಕುಮ ಹಚ್ಚಿದ್ದೈತಿ. ಯಾರ ಮನೀದರ ಆಗ್ಲಿ, ಹೊಸ್ತಿಲಾ ಕೀಳಬಾರದು."

"ಇದು ಹೊಸ್ತಿಲಾ ಅಲ್ಲ," ಎಂದ ಉಮಾಪತಿ, ಮೀಟುತ್ತ. "ಇದು ನಮ್ಮ ಮಾವ."

ಹೊಸ್ತಿಲು ಕೀರೆನ್ನುತ್ತ ಎದ್ದಿತು. ಅದರ ಹೊಟ್ಟೆಯಿಂದ ಗೇಣುದ್ದದ ಮೊಳೆಗಳು ಸರ್ಪದ ಹಲ್ಲುಗಳಂತೆ ಹೊರಬಂದವು. ಅದನ್ನು ಎರಡೂ ಕೈಯಲ್ಲಿ ಎತ್ತಿ ರಸ್ತೆಯಾಚೆಯ ತೊಗರಿ ಹೊಲಕ್ಕೆ ಎಸೆಯಬೇಕೆನ್ನುವಷ್ಟರಲ್ಲಿ ಅವನ ಕಣ್ಣಿಗೆ ಒಂದು ಬಿತ್ತು. ಉಳಿದ ಮೊಳೆಗಳೆಲ್ಲ ಕಪ್ಪಗಿದ್ದವು. ನಡುವಿನದೊಂದು ಮಾತ್ರ ಒಂದು ಪಕ್ಕ ತಿಕ್ಕಿ ತಿಕ್ಕಿ ಬೆಳ್ಳಿಯ ಕಡಗದಂತೆ ಹೊಳೆಯುತ್ತಿತ್ತು. ಕೆಳಗೆ ಹಲಗೆಯಲ್ಲಿ ತೂತು. ತೂತಿನ ನೇರಕ್ಕೆ, ಕೆಸರಿನ ಗಚ್ಚಿನ ನಡುವೆ, ಗೇರಿನ ಸರಳು. ಸರಳಿನ ಕೀಲಿಗೆ ಇಷ್ಟು ದಿನ ಆ ಮೊಳೆ ಅಡ್ಡ ನಿಂತಿತ್ತು. ಎರಡು, ನಾಲ್ಕಕ್ಕೆ ಕೋಲು ಹಿಂದಕ್ಕೆ ಎಳೆದರೆ ಬಿಡುವುದು, ಒಂದು, ಮೂರಕ್ಕೆ ಮುಂದಕ್ಕೆ ತಳ್ಳಿದರೆ ತಡೆಯುವುದು.

ಒಗೆದೇಬಿಟ್ಟ. ಹೊಸ್ತಿಲು ತೊಗರಿಯ ಹಸಿರಿನಲ್ಲಿ ಮುಳುಗಿತು.

ಜಾಕೀರ ಕೋಲಿನ ಬುಡದ ತಗಡನ್ನು ಮೊದಲಿದ್ದಲ್ಲಿಗೆ ತಂದು ಬಿಗಿದ. ಉಮಾಪತಿ ಕೂತು, ಉಸಿರು ಹಿಡಿದು, ಕೋಲು ತಳ್ಳಿದ. ಒಂದನೇ ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬಿತ್ತು. ಎರಡು. ಮೂರು. ಅಜ್ಜಿ ಹೇಳುವ ಕತೆಯಲ್ಲಿ ಮಂತ್ರದ ಕಲ್ಲು ಸರಿದು ರಾಜಕುಮಾರನಿಗೆ ಗುಹೆಯ ದಾರಿ ತೆರೆಯುತ್ತದಲ್ಲ, ಹಾಗೆ ಇಡೀ ಯಲಬುರ್ಗಾ ಸೀಮೆ ಅವನೆದುರು ತೆರೆದುಕೊಂಡಿತು. ಚಹಾ ಕುಡಿದು ಹೋಗೆಂದ ಹಜರತಬೀಯ ಮಾತಿಗೂ ನಿಲ್ಲಲಿಲ್ಲ.

"ಪಾಪ, ಸಿಟ್ಟಿನ್ಯಾಗ ಒಗದಬಿಟ್ರು," ಎಂದು ಗೋವಿಂದರಾಜ ತೊಗರಿ ಹೊಲದ ಕಡೆ ನೋಡುತ್ತ ನಿಂತದ್ದನ್ನು ಉಮಾಪತಿ ಕನ್ನಡಿಯಲ್ಲಿ ಕಂಡ. ಕಂಡು ಮರೆತ. ಅದೇ ಅವನ ತಪ್ಪು.

ಹೊತ್ತು ಇನ್ನೂ ಎರಡು ಮಾರು ಮೇಲಿರುವಾಗ ಮನೆಗಾಡಿ ಮಂಗಳೂರಿನ ಬಡಗಿಯ ಬಾಗಿಲಿಗೆ ಮೂರನೇ ಗೇರಿನಲ್ಲಿ ಬಂದು, ಬೇಕೆಂದೇ ಒಂದನೆಯದಕ್ಕೆ ಇಳಿದು, ಇನ್ನೊಮ್ಮೆ ಸದ್ದು ಮಾಡಿ ನಿಂತಿತು. ಯಮನೂರಪ್ಪ ಕಟ್ಟೆಯ ಮೇಲೆ ಕೂತಿದ್ದ. ಮುಖದ ಮೇಲೆ ಒಂದು ಗಳಿಗೆ ಮೋಡ ಹಾಯಿತು.

"ಮಾವಾ, ಮನಿ ಬಂದೈತ್ರಿ," ಎಂದ ಉಮಾಪತಿ.

ಮಲ್ಲೇಶ್ವರಿ ಆಗಲೇ ಟ್ರಂಕು ಕಟ್ಟಿಟ್ಟಿದ್ದಳು. ಉಡಿ ತುಂಬಿಸಿಕೊಂಡು, ಇಳಕಲ್ ಸೀರೆಯ ಸೆರಗು ಹೊದ್ದು, ಅವಳ ಅಜ್ಜಿ ಬಸವಣ್ಣೆಮ್ಮನ ಕೈ ಹಿಡಿದು ಗಾಡಿಗೆ ಬಂದಳು. ಗಂಡನನ್ನು ನೋಡಿದ ಅವಳ ಕಣ್ಣಲ್ಲಿ ಇದ್ದದ್ದು ಸಿಟ್ಟೇನಲ್ಲ. ಅದು ಉಮಾಪತಿಯ ಆ ದಿನದ ಒಂದೇ ಸುಖ. ಬಲಗಾಲು ಎತ್ತಿದವಳು ಅಲ್ಲೇ ತಡೆದಳು.

"ಹೊಸ್ತಿಲಾ ಎಲ್ಲೈತ್ರಿ?"

ಉಮಾಪತಿ ಇಂಥ ಪ್ರಶ್ನೆಗೆ ತಯಾರಿರಲಿಲ್ಲ. ಸಿಟ್ಟಿನವರಿಗೆ ಸುಳ್ಳು ಹೇಳಿ ರೂಢಿಯಿರುವುದಿಲ್ಲ.

"ಕಳವಾತು. ಕುಷ್ಟಗ್ಯಾಗ. ಕಳ್ಳರು ಕಿತಗೊಂಡು ಹೋದ್ರು."

"ಮಂಚಾ ಬಿಟ್ಟು, ಒಲಿ ಬಿಟ್ಟು, ಹೊಸ್ತಿಲಾ ಒಯ್ದ್ರ?" ಎಂದ ಯಮನೂರಪ್ಪ.

"ಸಾಗವಾನಿ ಅಲ್ರಿ, ನೀವು ಮಾಡಿದ್ದು. ಬೆಲೆ ಗೊತ್ತಿದ್ದ ಕಳ್ಳರು."

ಆ ಸುಳ್ಳು ಬಡಗಿಯ ಮೀಸೆಯನ್ನು ಸ್ವಲ್ಪ ಸಡಿಲಿಸಿತು. ಬಸವಣ್ಣೆಮ್ಮನೂ ಕಳ್ಳರ ವಂಶಕ್ಕೆ ಶಾಪ ಹಾಕಿ, "ಹೋಗ್ಲಿ ಬಿಡವ್ವಾ, ಹೊತ್ತು ಮುಣಗಾಕ ಬಂತು, ಹತ್ತು," ಎಂದಳು. ಮಲ್ಲೇಶ್ವರಿ ಮತ್ತೆ ಕಾಲೆತ್ತಿದಳು. ಆಗಲೇ ಓಣಿಯ ತುದಿಯಿಂದ ಒಂದು ಸ್ಕೂಟರು ಹಾರ್ನು ಬಾರಿಸುತ್ತ ಬಂತು. ಅದರ ಮೇಲೆ ಗೋವಿಂದರಾಜ. ಅವನ ಕಾಲುಗಳ ನಡುವೆ, ತೊಗರಿಯ ಎಲೆಗಳ ಸಮೇತ, ಮೊಳೆಗಳ ಸಮೇತ, ಹೊಸ್ತಿಲು.

"ಅಂತೂ ಸಿಕ್ರಿ. ಮನಿಗಾಡಿ ಯಾರ ಬಾಗಲಿಗೆ ಬಂತಂತ ಕೇಳಕೊಂತ ಬಂದೆ," ಎಂದ ಪುಣ್ಯಾತ್ಮ, ಬೆವರು ಒರೆಸಿಕೊಳ್ಳುತ್ತ. "ಬೇವೂರಿನ್ಯಾಗ ಗಾಡಿ ನಿಂತಾಗ ಸಿಟ್ಟಿನ್ಯಾಗ ಹಾರೀಲೆ ಕಿತ್ತು ಹೊಲಕ್ಕ ಒಗದ್ರಿ. ಅರಿಷಿಣ ಕುಂಕುಮ ಹಚ್ಚಿದ್ದು, ಹಂಗ ಬಿಡಬಾರದಂತ ಹಜರತಬೀ ಅಂದ್ಳು. ಹುಡುಕಿ ತಂದೀನಿ ನೋಡ್ರಿ."

ಎಲ್ಲರ ಕಣ್ಣು ಉಮಾಪತಿಯ ಮೇಲೆ ಬಿದ್ದವು. ಒಂದನೇ ಗೇರೂ ಇಷ್ಟು ಸಲೀಸಾಗಿ ಬಿದ್ದಿರಲಿಲ್ಲ.

ಮಲ್ಲೇಶ್ವರಿ ಎತ್ತಿದ ಕಾಲನ್ನು ಇಳಿಸಿದಳು. "ನಮ್ಮಪ್ಪ ಕೈಯಾರೆ ಕಡದದ್ದು. ನಮ್ಮಜ್ಜಿ ಕುಂಕುಮ ಹಚ್ಚಿ ಕಳಿಸಿದ್ದು. ಅದನ್ನ ಹಾರೀಲೆ ಕಿತ್ತು ಒಗದು, ಕಳ್ಳರು ಅಂತೀರಿ?"

"ಮಲ್ಲೀ, ಅದರ ಮೊಳಿ ಗೇರಿನ ಸರಳಿಗೆ ಹತ್ತಿ..."

"ಇನ್ನ ಅದರ ಮ್ಯಾಲೆ ತಪ್ಪ ಹೊರಸ್ತೀರಿ? ಅದು ಇದ್ದಲ್ಲಿ ಮೊದಲ ಕೂಡ್ರಬೇಕು. ಕುಂತ ಮ್ಯಾಲೆ ನಾನು ಹತ್ತಾಕಿ. ಇಲ್ಲಂದ್ರ ನಿಮ್ಮ ಗೇರಿನ ಕೂಡ ಸಂಸಾರ ಮಾಡಕೋರಿ."

ಯಮನೂರಪ್ಪ ಒಳಗೆ ಹೋಗಿ ಸುತ್ತಿಗೆ ತಂದ, ಬೈರಿಗೆ ತಂದ, ಮೊಳೆಗಳ ಬದಲು ಬೆರಳುಗಾತ್ರದ ಕಬ್ಬಿಣದ ಬೋಲ್ಟುಗಳನ್ನು ತಂದ. "ಈ ಸಲ ಕಳ್ಳರ ಅಪ್ಪ ಬಂದ್ರೂ ಕಿತ್ತಬಾರದು," ಎಂದ. ಆಮೇಲೆ ಹೆಗಲ ಮೇಲಿನ ವಸ್ತ್ರ ಹಾಸಿ ಗಾಡಿಯ ಕೆಳಗೆ ಮಲಗಿದ.

ಉಮಾಪತಿಯೂ ಬಗ್ಗಿ ನೋಡಿದ. ಬಡಗಿ ಸುತ್ತಿಗೆಯ ತುದಿಯಿಂದ ಕೆಸರಿನ ಗಚ್ಚು ಕೆರೆದು, ಸರಳನ್ನು ಹುಡುಕಿ, ಅದರ ಕೀಲನ್ನು ಬೆರಳಿನಿಂದ ಎರಡು ಸಲ ತಟ್ಟಿದ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಕೀಲಿನ ನೇರಕ್ಕೆ ಹಲಗೆಯ ಮೇಲೆ ಅಚ್ಚುಕಟ್ಟಾಗಿ ಒಂದು ಗೀಟು ಎಳೆದ. ಅಲ್ಲಿಯೇ ಹಳೆಯ ಗೀಟೊಂದು ಮಾಸಿಕೊಂಡು ಇತ್ತು. ಹೊಸದನ್ನು ಅದರ ಮೇಲೆಯೇ ಎಳೆದಿದ್ದ.

"ಮಾವಾ," ಎಂದ ಉಮಾಪತಿ.

"ಮೊದಲ್ನೇ ಸಲ ಮೊಳಿ ತೆಳ್ಳಗಾಗಿದ್ವು," ಎಂದ ಯಮನೂರಪ್ಪ, ಕೆಳಗಿನಿಂದಲೇ, ಶಾಂತವಾಗಿ. "ಎರಡನೇ ಗೇರಿನ್ಯಾಗ ಬೇವೂರ ತನಕ ಬಂದೀಯಂದ್ರ."

ಉಮಾಪತಿ ತಿರುಗಿ ಸುತ್ತಲೂ ನೋಡಿದ. ಯಾರಿಗೆ ಹೇಳುವುದು? ಹೆಂಡತಿ ಮುಖ ತಿರುಗಿಸಿ ನಿಂತಿದ್ದಳು. ಈಗಷ್ಟೇ ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದವನ ನಿಜವನ್ನು ಯಾರು ಕೊಳ್ಳುತ್ತಾರೆ? ಗೋವಿಂದರಾಜ ಕಟ್ಟೆಯ ಮೇಲೆ ಕೂತು, ಬಡಗಿಯ ಮನೆಯವರು ಕೊಟ್ಟ ಶೇಂಗಾ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ತಿನ್ನುತ್ತ, ಬೋಲ್ಟು ಇನ್ನೂ ಸ್ವಲ್ಪ ಬಿಗಿಯಲು ಸಲಹೆ ಕೊಡುತ್ತಿದ್ದ.

ಬೋಲ್ಟು ಕೂತವು. ಬಸವಣ್ಣೆಮ್ಮ ಅರಿಷಿಣ ಕುಂಕುಮ ಹಚ್ಚಿದಳು. ಮಲ್ಲೇಶ್ವರಿ ಬಲಗಾಲಿಟ್ಟು ಹತ್ತಿ, ಟ್ರಂಕು ಇಟ್ಟು, ಮಂಚದ ಮೇಲೆ ಕೂತು, "ಹೊಂಡ್ರಿ ಈಗ," ಎಂದಳು.

ಉಮಾಪತಿ ಕೋಲು ಹಿಡಿದ. ಒಂದು. ಎರಡು. ಮೂರು. ನಾಲ್ಕು. ಹಿಂದಕ್ಕೆ. ಕೋಲು ಗುಡಿ ಮುಂದಿನ ಗರುಡಗಂಬದಂತೆ ನಿಂತೇ ಇತ್ತು. ಪಡುವಣದಲ್ಲಿ ಸೂರ್ಯ ಜೋಳದ ಹೊಲಗಳ ಹಿಂದೆ ಒಂದೇ ಗೇರಿನಲ್ಲಿ, ಸದ್ದಿಲ್ಲದೆ ಇಳಿದುಹೋದ.

ಯಮನೂರಪ್ಪ ಕೈ ಒರೆಸಿಕೊಂಡು ಕಿಟಕಿಯ ಬಳಿ ಬಂದ. "ಇರ್ಲಿ ಬಿಡಪ್ಪಾ, ನಾಳೆ ಅಮಾಸಿ. ಮಕ್ಕೋರಿ. ಮುಂಜಾನೆದ್ದು ಒಂದು ಬೇವಿನ ದಿಮ್ಮಿ ಕೊಯ್ಯೂದೈತಿ," ಎಂದ. "ಮನಿಅಳಿಯ ಅಂತ ಯಾರೂ ಅನ್ನಂಗಿಲ್ಲ. ನೀ ನಿನ್ನ ಮನ್ಯಾಗ ಇರು."

ಬಸವಣ್ಣೆಮ್ಮ ಕೋಲೂರಿ ಹತ್ತಿ ಬಂದು, ಹೊಸ್ತಿಲು ದಾಟಿ, ಪರದೆ ಸರಿಸಿ, ಮಂಚ ಒತ್ತಿ, ಒಲೆ ಮುಟ್ಟಿ ನೋಡಿದಳು. ಕೊನೆಗೆ ಒಂದು ಕೈಯಿಂದ ಗಾಡಿಯ ಗೋಡೆಯನ್ನು ಅಲುಗಿಸಿದಳು. ಅಲುಗಲಿಲ್ಲ.

"ಛಲೋ ಐತಿ," ಎಂದಳು. "ಮನಿ ಅಂದ್ರ ಹಿಂಗಿರಬೇಕು. ಎಲ್ಲಿಗೂ ಹೋಗಂಗಿಲ್ಲ."